ಕಾಕಾನ ಹಿಂದಿನ ದೀಪಗಳು

ನಮ್ಮ ಕಾಕಾನಷ್ಟು ಪ್ರವಾಸದ ವಿಚಾರ ತಿಳಿದ ಮನುಷ್ಯ ಇಡೀ ಇಚಲಕರಂಜಿಯಲ್ಲಿ ಇನ್ನೊಬ್ಬನಿಲ್ಲ. ಘಟ್ಟ ಇಳಿಯುವಾಗ ಗಾಡಿ ಯಾವ ಗೇರಿನಲ್ಲಿರಬೇಕು, ಸಮುದ್ರದ ಉಪ್ಪುಗಾಳಿಗೆ ಕಬ್ಬಿಣ ಎಷ್ಟು ಕಾಲ ತಾಳೀತು, ಮರಳಿನಲ್ಲಿ ಗಾಲಿ ಹುಗಿದರೆ ಕೆಳಗೆ ಏನು ಹಾಸಬೇಕು, ಕೇಳಿ, ಹೇಳುತ್ತಾನೆ. ಕೇಳದಿದ್ದರೂ ಹೇಳುತ್ತಾನೆ. ಇಂಥ ಮಹಾಪ್ರವಾಸಿಯಲ್ಲಿ ಇದ್ದದ್ದು ಒಂದೇ ಒಂದು ಸಣ್ಣ ಕೊರತೆ. ಅವನ ಪ್ರವಾಸ ಇನ್ನೂ ಅಂಗಳ ದಾಟಿರಲಿಲ್ಲ.

ನಾನು ಚಾಡಿ ಹೇಳುತ್ತಿದ್ದೇನೆಂದು ತಿಳಿಯಬೇಡಿ. ಈ ಮಾತನ್ನು ಅವನ ಎದುರಿಗೇ ಆಡಿದ್ದೇನೆ. ಅವನಿಗೆ ಕೇಳಿಸಲಿಲ್ಲ, ಅದು ಬೇರೆ ಸಂಗತಿ.

ಇಚಲಕರಂಜಿ ಎಂದರೆ ಗಡಿಯಾಚೆ ಮಹಾರಾಷ್ಟ್ರದ ಮಗ್ಗಗಳ ಊರು, ಕಾಕಾ ಅಲ್ಲಿಯ ಪವರ್‌ಲೂಮಿನಲ್ಲಿ ಜಾಬರ್ ಆಗಿದ್ದವನು. ಜಾಬರ್ ಎಂದರೆ ಮಗ್ಗಗಳ ವೈದ್ಯ. ಮಗ್ಗ ಕೆಮ್ಮಿದರೆ, ಕುಂಟಿದರೆ, ಹಟ ಹಿಡಿದು ನಿಂತರೆ ಇವನು ಪಾನಾ ಎಂಬ ಸ್ಪ್ಯಾನರು ಹಿಡಿದು ಹೋಗಿ ನಾಡಿ ನೋಡಬೇಕು. ಅವನ ಹೆಂಡತಿ, ನಮ್ಮ ಕಾಕು, ಅದೇ ಶೆಡ್ಡಿನಲ್ಲಿ ಕಾಂಡಿ ಎಂಬ ಚಿಕ್ಕ ಕೊಳವೆಗಳಿಗೆ ನೂಲು ಸುತ್ತುತ್ತಿದ್ದಳು. ಆಯುಷ್ಯದ ಮುಕ್ಕಾಲು ಪಾಲನ್ನು ಆ ಖಡಖಡ ಸದ್ದಿನಲ್ಲಿ ಕಳೆದ ಮೇಲೆ ಕಾಕಾನ ಕಿವಿ ಅರ್ಧ ರಾಜೀನಾಮೆ ಕೊಟ್ಟಿತು. ಹಾಗಾಗಿ ಅವರ ಮನೆಯಲ್ಲಿ ಗುಟ್ಟು ಎಂಬ ಪದಾರ್ಥ ಉಳಿಯುವುದು ಸಾಧ್ಯವೇ ಇರಲಿಲ್ಲ. "ಸಾರಿಗೆ ಉಪ್ಪ ಕಡಿಮಿ ಆಗೇತಿ" ಎಂದು ಕಾಕಾ ಅಂದರೆ ನಾಲ್ಕು ಮನೆ ಆಚೆಯಿಂದ ಉಪ್ಪು ಬರುತ್ತಿತ್ತು.

ಮದುವೆಯಾದ ಹೊಸತರಲ್ಲಿ ಕಾಕು ಒಂದು ಪ್ರಶ್ನೆ ಕೇಳಿದಳಂತೆ. ಮಗ್ಗದಿಂದ ಬಿಳಿ ಬಟ್ಟೆ ತೆರೆತೆರೆಯಾಗಿ ಇಳಿಯುವುದನ್ನು ನೋಡುತ್ತ, "ಸಮುದ್ರ ಹೆಂಗಿರ್ತೇತ್ರಿ?" ಅಂದಳಂತೆ. ಕಾಕಾ ಹುಡುಗನಾಗಿದ್ದಾಗ ಯಾರದೋ ದಿಬ್ಬಣದ ಲಾರಿ ಹತ್ತಿ ಕೊಂಕಣಕ್ಕೆ ಹೋಗಿ ಬಂದಿದ್ದ. ಸಮುದ್ರ ನೋಡಿದ್ದ. "ಅದನ್ನ ಹೇಳಾಕ ಬರೂದಿಲ್ಲ. ತೋರಸ್ತೀನಿ" ಅಂದ. ಆಮೇಲೆ ಇನ್ನೊಂದು ಮಾತು ಸೇರಿಸಿದ. "ನಾ ನೋಡಿದಾಗ ನನ್ನ ಬಾಜೂಕ ನನ್ನ ಮಂದಿ ಯಾರೂ ಇರಲಿಲ್ಲ. ನೀ ಮೊದಲ ಸಲ ನೋಡೂವಾಗ ನಾ ಇರ್ತೀನಿ."

ಇದು ಅವರಿಬ್ಬರ ನಡುವಿನ ಕರಾರು. ಕಾಕುಗೆ ಸಮುದ್ರ ನೋಡುವ ಆಸೆ. ಕಾಕಾನಿಗೆ ಸಮುದ್ರ ನೋಡುವ ಕಾಕುವನ್ನು ನೋಡುವ ಆಸೆ. ನೆನಪಿಡಿ, ಎರಡೂ ಒಂದೇ ಅಲ್ಲ.

ಆದರೆ ಮಗ್ಗಗಳಿಗೆ ಈ ಕರಾರಿನ ಸುದ್ದಿ ಗೊತ್ತಿರಲಿಲ್ಲ. ಅವು ಇವನನ್ನು ಬಿಡಲಿಲ್ಲ. ಕೊನೆಗೆ ಕೆಲಸ ಬಿಟ್ಟ ಮೇಲೆ ಕಾಕಾ ಒಂದು ಮೊಬೈಲು ಕೊಂಡ, ಮೊಬೈಲಿನಲ್ಲಿ ಮನೆಯನ್ನೇ ಗಾಡಿಗೆ ಕಟ್ಟಿಕೊಂಡು ಊರೂರು ತಿರುಗುವ ಯಾರೋ ಮಹನೀಯರನ್ನು ನೋಡಿದ, ಕೆಟ್ಟ. ಮರುದಿನವೇ ನನಗೆ ಫೋನು.

"ಒಂದು ಕ್ಯಾಂಪರ್ ಕಟ್ಟಾಕತ್ತೇನಿ. ನಮ್ಮ ಹಳೇ ಜೀಪಿಗೆ ಜೋಡಸೂದು, ಹೊಂಡೂದು. ಸಮುದ್ರದ ದಂಡಿಗೆ ನಿಂದರಸೂದು. ಮುಂಜಾನೆ ನಿಮ್ಮ ಕಾಕು ಬಾಗಲಾ ತಗದಳು ಅಂದ್ರ ಎದುರಿಗೆ ಸಮುದ್ರ."

ಗಡಹಿಂಗ್ಲಜದಲ್ಲಿ ನನ್ನದೊಂದು ಸಣ್ಣ ಸ್ಟೇಶನರಿ ಅಂಗಡಿ ಇದೆ. ಸಮುದ್ರಕ್ಕೆ ಹೋಗುವ ದಾರಿ ನಮ್ಮ ಊರನ್ನು ಹಾದು, ಆಂಬೋಲಿ ಘಟ್ಟ ಇಳಿದು ಹೋಗುತ್ತದೆ. ಆದ್ದರಿಂದ ಮೊದಲ ಮುಕ್ಕಾಮು ನನ್ನ ಮನೆಯ ಮುಂದೆ ಎಂದು ಕಾಕಾ ಆವತ್ತೇ ಘೋಷಿಸಿದ. ನನ್ನ ಹೆಂಡತಿ ಆ ಮುಕ್ಕಾಮಿಗೆಂದು ಮಾಡಿಟ್ಟ ಚಕ್ಕಲಿಯನ್ನು ಎಷ್ಟು ಸಲ ನಾವೇ ತಿಂದೆವೋ ಲೆಕ್ಕವಿಲ್ಲ.

ಕಬ್ಬು ಹೊತ್ತು ಹೊತ್ತು ಬೆನ್ನು ಬಾಗಿದ ಒಂದು ಟ್ರ್ಯಾಕ್ಟರ್ ಟ್ರಾಲಿಯ ಅಡಿಪಾಯ ಸಿಕ್ಕಿತು. ಶಿರೋಳಿಯ ವರ್ಕ್‌ಶಾಪಿನಲ್ಲಿ ಅದರ ಮೇಲೆ ತಗಡಿನ ಕೋಣೆ ಎದ್ದಿತು. ಒಳಗೆ ಎರಡು ಮಂಚ, ಒಂದು ಒಲೆಗಟ್ಟೆ, ಕಿಟಕಿಗೆ ಮಗ್ಗದಲ್ಲಿ ಹಾಳಾದ ಬಟ್ಟೆಯ ಪರದೆ. ಕಾಕಾ ಅದನ್ನು ಕ್ಯಾಂಪರ್ ಎನ್ನುತ್ತಿದ್ದ. ಕಾಕು ಡಬ್ಬಿ ಎನ್ನುತ್ತಿದ್ದಳು. ಇಡೀ ಗಲ್ಲಿ ಕಾಕುವಿನ ಪಕ್ಷ ಸೇರಿತು.

ಡಬ್ಬಿ ಸಿದ್ಧವಾಯಿತು. ಹೊರಡುವುದೊಂದೇ ಬಾಕಿ. ಆಗ ಕಾಕಾನ ದೃಷ್ಟಿ ಹಿಂದಿನ ದೀಪಗಳ ಮೇಲೆ ಬಿತ್ತು.

ಹಳೆಯ ಟ್ರಾಲಿಯ ಬಲ್ಬುಗಳು ಅವು. ಹತ್ತಿದರೂ ಕೆಂಡಕ್ಕೆ ಬೂದಿ ಮುಚ್ಚಿದಂತೆ ಕಾಣುತ್ತಿದ್ದವು. "ಆಂಬೋಲ್ಯಾಗ ಮಂಜ ಹೆಂಗಿರ್ತೇತಿ ಗೊತ್ತೈತೇನು? ಹಿಂದಿನ ಲಾರಿಯವಗ ನಾವು ಕಾಣಬೇಕಲ್ಲ" ಅಂದ ಕಾಕಾ. "ನಾವು ಸಮುದ್ರ ನೋಡೂಕಿಂತ ಮೊದಲ ಅಂವಾ ನಮ್ಮನ್ನ ನೋಡಬೇಕು. ಎಲ್‌ಇಡಿ ಹಾಕ್ಸೂದ."

ಮಾತಿನಲ್ಲಿ ತಪ್ಪಿಲ್ಲ. ಕಾಕಾನ ಮಾತಿನಲ್ಲಿ ಎಂದೂ ತಪ್ಪು ಇರುತ್ತಿರಲಿಲ್ಲ. ಅದೇ ದೊಡ್ಡ ತೊಂದರೆ. ಬಲ್ಬು ತೆಗೆದು ಎಲ್‌ಇಡಿ ಹಾಕುವುದು ಒಂದು ಮಧ್ಯಾಹ್ನದ ಕೆಲಸ ಎಂದು ಶಿರೋಳಿಯ ಎಲೆಕ್ಟ್ರಿಶಿಯನ್ ಹೇಳಿದ. ಆ ಮಧ್ಯಾಹ್ನ ಮುಂದೆ ವರ್ಷಗಟ್ಟಲೆ ನಡೆಯಿತು.

ಮೊದಲು ಪರೀಕ್ಷೆಯ ಕಥೆ ಹೇಳಿಬಿಡುತ್ತೇನೆ. ದಿನಾ ಸಂಜೆ ಕಾಕಾ ಜೀಪಿನೊಳಗೆ ಕೂತು ಬ್ರೇಕು ಒತ್ತಬೇಕು, ಕಾಕು ಡಬ್ಬಿಯ ಹಿಂದೆ ನಿಂತು ದೀಪ ಹತ್ತಿತೋ ಇಲ್ಲವೋ ಹೇಳಬೇಕು. ನಡುವೆ ಒಂದು ಡಬ್ಬಿಯಷ್ಟು ಅಂತರ, ಅದಕ್ಕೆ ಕಾಕಾನ ಕಿವಿ ಬೇರೆ.

"ಹತ್ತಿತೇನ?"

"ಇಲ್ಲರೀ."

"ಏನ?"

"ಹತ್ತಿಲ್ಲಾ."

"ಈಗ? ಹತ್ತಿತೇನ?"

ಒಂದು ಸಂಜೆ ಗಲ್ಲಿಯ ತುದಿಯಲ್ಲಿ ವಡಾಪ್ ಎಂಬ ಬಾಡಿಗೆ ಜೀಪಿಗಾಗಿ ಕಾದು ನಿಂತ ಒಬ್ಬ ಅಜ್ಜಿ ಇದನ್ನು ಕೇಳಿಸಿಕೊಂಡಳು. ಜೀಪಿನ ಡ್ರೈವರು "ಹತ್ತೀರೇನ" ಎಂದು ಕೂಗಿ ಕೂಗಿ ಕರೆಯುತ್ತಿದ್ದಾನೆಂದು ಆಕೆಗೆ ಅನಿಸಿದರೆ ಆಕೆಯ ತಪ್ಪೇನು? ಗಂಟು ಸಮೇತ ಬಂದಳು, ಹಿಂದಿನ ಸೀಟಿನಲ್ಲಿ ಕೂತಳು, ಸೆರಗು ಸರಿಮಾಡಿಕೊಂಡಳು. ಕಾಕಾನಿಗೆ ಏನೂ ಗೊತ್ತಾಗಲಿಲ್ಲ. ಬ್ರೇಕಿನ ಮೇಲೆ ಕಾಲಿಟ್ಟು ಮತ್ತೆ ಕೂಗಿದ.

"ಹತ್ತಿತೇನಬೇ?"

ಕಾಕು ಹಿಂದಿನಿಂದ ಬಗ್ಗಿ ನೋಡಿ, "ದೀಪಾ ಹತ್ತಿಲ್ಲರೀ. ಆಯಿ ಹತ್ತ್ಯಾಳ" ಅಂದಳು.

ಆ ಅಜ್ಜಿಯನ್ನು ಇಳಿಸಲು ಚಹಾ ಕುಡಿಸಬೇಕಾಯಿತು. ಇಳಿಯುವಾಗ ಆಕೆ, "ಗಾಡಿ ಎಂದ ಬಿಡ್ತೀಯಪ್ಪಾ?" ಎಂದು ಕೇಳಿದಳು. ಈ ಪ್ರಶ್ನೆಯನ್ನು ಕೇಳಿದವರಲ್ಲಿ ಆಕೆ ಮೊದಲಿಗಳೂ ಅಲ್ಲ, ಕೊನೆಯವಳೂ ಅಲ್ಲ.

ಎಲ್‌ಇಡಿ ಬಂದವು, ಕೂತವು, ಹತ್ತಿದವು ಕೂಡ. ಆದರೆ ಇಂಡಿಕೇಟರ್ ಹಾಕಿದರೆ ಅದು ಮಿಣುಕುವ ಬದಲು ಜ್ವರ ಬಂದವರಂತೆ ನಡುಗತೊಡಗಿತು. ಎಲೆಕ್ಟ್ರಿಶಿಯನ್ ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಅದರ ತತ್ವ ಬಿಡಿಸಿದ. "ಕಾಕಾ, ಎಲ್‌ಇಡಿ ಕರೆಂಟ ಕಮ್ಮಿ ತಿಂತೇತಿ. ಗಾಡಿಗೆ ಕಾಯ್ ವಾಟತಂಯ್, ಏನ ಅನಸ್ತೇತಿ, ಬಲ್ಬ ಮೇಲಾ, ಸತ್ತೇತಿ, ಅಂತ. ಅದಕ್ಕ ಘಾಬರಿ ಆಗಿ ಭರಾಭರಾ ಬಡ್ಕೋತೇತಿ."

"ಕಡಿಮಿ ತಿಂದು ಹೆಚ್ಚ ಬಡಕೊಳ್ಳೂದು ನಮ್ಮ ಮನ್ಯಾಗ ಮೊದಲ ಒಬ್ರು ಅದಾರ" ಎಂದಳು ಕಾಕು, ಯಾರ ಕಡೆಗೂ ನೋಡದೆ.

ಕಾಕಾ ಡಬ್ಬಿಯ ಹಿಂದೆ ಸ್ಟೂಲು ಹಾಕಿ ಕೂತ. ತೊಡೆಯ ಮೇಲೆ ತಾಳ ಹಾಕುತ್ತ ದೀಪದ ವೇಗವನ್ನು ಅಳೆದ. "ಸಾದಾ ಮಗ್ಗಕ್ಕ ಈ ಸ್ಪೀಡ ಕೊಟ್ರ ನೂಲ ಹರದ ಹೋಗ್ತಿತ್ತು" ಎಂದು ತೀರ್ಪು ಕೊಟ್ಟ. ಕರೆಂಟು ತಿನ್ನಲೆಂದೇ ಒಂದು ರೆಸಿಸ್ಟರ್ ಹಾಕಿಸಲಾಯಿತು. ಅದು ಚೆನ್ನಾಗಿ ತಿಂದಿತು. ತಿಂದು ಕಾಯಿತು. ಎಷ್ಟು ಕಾಯಿತೆಂದರೆ ಅದರ ಮೇಲೆ ಹಪ್ಪಳ ಸುಡಬಹುದಿತ್ತು. ಕಾಕು ಒಂದು ದಿನ ಸುಟ್ಟೂ ನೋಡಿದಳು. ಅರ್ಧ ಬೆಂದಿತಂತೆ. ಅದನ್ನು ಕಿತ್ತು ಹೊಸ ಫ್ಲಾಶರ್ ಹಾಕಿಸುವಷ್ಟರಲ್ಲಿ ಕೊಂಕಣದಲ್ಲಿ ಮಳೆ ಹಿಡಿಯಿತು. ಮಳೆಯಲ್ಲಿ ಘಟ್ಟ ಇಳಿಯುವುದು ಶಾಸ್ತ್ರಕ್ಕೆ ವಿರುದ್ಧ. ಯಾವ ಶಾಸ್ತ್ರ ಎಂದು ನಾವು ಕೇಳಲಿಲ್ಲ. ನಮ್ಮ ಮನೆಯ ಚಕ್ಕಲಿ ಮತ್ತೆ ನಾವೇ ತಿಂದೆವು.

ಮಳೆ ನಿಂತಿತು. ಇನ್ನೇನು ಹೊರಡಬೇಕು. ಆಗ ಘಟಿಸಿದ್ದು ನಮ್ಮ ಮನೆತನದವರಿಂದ ಮಾತ್ರ ಆಗಬಹುದಾದ ಅನಾಹುತ.

ನಮ್ಮ ಮನೆಯಲ್ಲಿ ದೀಪ ಆರುವುದಿಲ್ಲ. ಅಂದರೆ, ಆರುತ್ತದೆ, ಆದರೆ ಹಾಗೆ ಅನ್ನಬಾರದು. ಅಪಶಕುನ. ದೀಪ ಆರಿಸಬೇಕಾದರೆ "ದೀಪಾ ದೊಡ್ಡದು ಮಾಡು" ಅನ್ನಬೇಕು. ಹೊಸದಾಗಿ ಬಂದ ಸೊಸೆಯಂದಿರು ಇದನ್ನು ಕೇಳಿ ಬತ್ತಿ ಏರಿಸಿ ಬೈಸಿಕೊಂಡದ್ದುಂಟು. ಕಾಕು ಈ ವಿಷಯದಲ್ಲಿ ಭಾಳ ಕಟ್ಟುನಿಟ್ಟು. ಅವಳ ಜೊತೆ ಇಷ್ಟು ಕಾಲ ಬಾಳಿದ ಕಾಕಾನ ಬಾಯಲ್ಲಿ ಟ್ಯೂಬ್‌ಲೈಟು, ಟಾರ್ಚು, ಕೊನೆಗೆ ಟೀವಿ ಕೂಡ ದೊಡ್ಡದಾಗುತ್ತಿತ್ತೇ ಹೊರತು ಆರುತ್ತಿರಲಿಲ್ಲ.

ಸಾಕೆಟ್ಟು ಬದಲಿಸಲೆಂದು ಜೀಪು, ಡಬ್ಬಿ ಎರಡನ್ನೂ ಶಿರೋಳಿಯಲ್ಲಿ ಬಿಟ್ಟು ಕಾಕಾ ಬಸ್ಸಿನಲ್ಲಿ ಮನೆಗೆ ಬಂದಿದ್ದ. ನಾನೂ ಅಂದು ಅಲ್ಲಿದ್ದೆ. ಹಿಂದಿನ ದೀಪಗಳನ್ನು ಹಚ್ಚಿದ ಹಾಗೇ ಬಿಟ್ಟು ಬಂದದ್ದು ಅವನಿಗೆ ನೆನಪಾಯಿತು. ಬ್ಯಾಟರಿ ಇಳಿದುಹೋದೀತು. ಎಲೆಕ್ಟ್ರಿಶಿಯನ್‌ಗೆ ಫೋನು ಹಚ್ಚಿದ. ಸ್ಪೀಕರ್ ಮೇಲೆಯೇ, ಬೇರೆ ದಾರಿ ಇಲ್ಲ.

"ಹಿಂದಿನ ದೀಪಾ ಹಂಗ ಬಿಟ್ಟ ಬಂದೀನಪಾ. ಅವನ್ನ ದೊಡ್ಡವು ಮಾಡು."

"ದೊಡ್ಡವು? ಮೋಠೇ?"

"ಹೂಂ, ದೊಡ್ಡವು."

"ಕಾಕಾ, ಈಗ ಇದ್ದವು ಚಲೋ ಅದಾವಲ್ಲ."

"ಚಲೋ ಅದಾವಂತ ಹಂಗ ಬಿಡಾಕ ಬರ್ತೇತೇನು? ಮೊದಲ ದೊಡ್ಡವು ಮಾಡು."

"ಎರಡೂ?"

"ಎರಡೂ. ಪೂರಾ ದೊಡ್ಡವು."

ಆ ಕಡೆ ಪಾನಾ ಕೆಳಗಿಟ್ಟ ಸದ್ದು ಕೇಳಿಸಿತು. ಆಮೇಲೆ, "ಬರಂ ಕಾಕಾ. ತುಮಚೀ ಇಚ್ಛಾ."

ಈ ಸಂಭಾಷಣೆಯಲ್ಲಿ ನನಗೂ ಏನೂ ದೋಷ ಕಾಣಲಿಲ್ಲ. ನಾನೂ ಅದೇ ಮನೆತನದವನಲ್ಲವೆ?

ಮರುವಾರ ಡಬ್ಬಿ ಮನೆಗೆ ಬಂತು. ಅದರ ಬೆನ್ನಿಗೆ ಕಂಟೇನರ್ ಲಾರಿಗಳಿಗೆ ಹಾಕುವಂಥ ಎರಡು ಉದ್ದನೆಯ ಕೆಂಪು ಎಲ್‌ಇಡಿ ಪಟ್ಟಿಗಳು. ಅವಕ್ಕಾಗಿ ತಗಡನ್ನೇ ಕತ್ತರಿಸಿ ಜಾಗ ಮಾಡಿದ್ದರು. ಬ್ಯಾಟರಿಯಂತೂ ಆ ರಾತ್ರಿಯೇ ಸತ್ತುಹೋಗಿತ್ತು. ಕ್ಷಮಿಸಿ, ದೊಡ್ಡದಾಗಿತ್ತು.

ಕಾಕಾ ಬ್ರೇಕು ಒತ್ತಿದ. ಗಲ್ಲಿ ಇಡೀ ಕೆಂಪಾಯಿತು. ಪಾಳಿ ಮುಗಿಸಿ ಸೈಕಲ್ ಮೇಲೆ ಬರುತ್ತಿದ್ದ ಮಗ್ಗದ ಕೆಲಸಗಾರರು ಸಾಲಾಗಿ ನಿಂತರು. ಒಂದು ನಾಯಿಯೂ ನಿಂತಿತು. ಕಾಕು ಕಣ್ಣಿಗೆ ಕೈ ಅಡ್ಡ ಹಿಡಿದು, "ಇನ್ನ ಸಮುದ್ರಕ್ಕ ನಾವು ಹೋಗೂದ ಬ್ಯಾಡ್ರಿ. ಇದನ್ನ ನೋಡಿ ಅದ ಇತ್ತಾಗ ಬರ್ತೇತಿ" ಅಂದಳು.

ಕಾಕಾನಿಗೆ ಮಾತ್ರ ಅವು ಮನಸ್ಸಿಗೆ ಬಂದುಬಿಟ್ಟವು. ಆಂಬೋಲಿಯ ಮಂಜನ್ನು ಸೀಳಲು ಇಂಥವೇ ಬೇಕು ಅಂದ. ಆದರೆ ದೀಪ ದೊಡ್ಡವಾದ ಮೇಲೆ ವಾಯರು ದಪ್ಪ ಬೇಕು. ವಾಯರು ದಪ್ಪವಾದ ಮೇಲೆ ಫ್ಯೂಜು ಬೇರೆ ಬೇಕು. ತಗಡು ಕತ್ತರಿಸಿದಲ್ಲಿ ನೀರು ಇಳಿಯದಂತೆ ರಬ್ಬರು ಬೇಕು. ಕೊಲ್ಹಾಪುರದ ಅಂಗಡಿಗಳನ್ನೆಲ್ಲ ಸುತ್ತಿ ರಬ್ಬರು ತಂದರೆ ಅದು ಎಡಕ್ಕೆ ಸರಿಹೋಗಿ ಬಲಕ್ಕೆ ಆಗದು. ಕೆಲಸ ಬೆಳೆಯುತ್ತ ಹೋಯಿತು, ಕಾಕಾ ಅದರ ಹಿಂದೆ ಹೋದ, ಕಾಕು ದಿನಾ ಸಂಜೆ ಡಬ್ಬಿಯ ಹಿಂದೆ ನಿಂತು "ಹತ್ತಿತು", "ಇಲ್ಲ" ಎಂದು ಹೇಳುತ್ತ ಹೋದಳು. ನಾವು ನಗುತ್ತ ಹೋದೆವು. ನಗುವುದರಲ್ಲಿ ಎಷ್ಟು ಮಳೆಗಾಲ ಹೋದವು ಎಂದು ಈಗ ಯೋಚಿಸಿದರೆ ಮನಸ್ಸಿಗೆ ಕಸಿವಿಸಿಯಾಗುತ್ತದೆ.

ಹೀಗಿರುವಾಗ ಗಲ್ಲಿಯ ಭಜನಿ ಮಂಡಳದ ಹೆಂಗಸರು ಒಂದು ಬಸ್ಸು ಗೊತ್ತುಮಾಡಿದರು. ಕಾಕು ಬಂದು ಕಾಕಾನ ಕಾಲ ಬಳಿ ನಿಂತಳು. ಅವನು ಡಬ್ಬಿಯ ಅಡಿಯಲ್ಲಿ ಅಂಗಾತ ಮಲಗಿ ವಾಯರು ಸುತ್ತುತ್ತಿದ್ದ.

"ಮಂಡಳದ ಬಸ್ಸ ಕೊಂಕಣಕ್ಕ ಹೊಂಟೇತ್ರಿ. ದೇವಿ ದರ್ಶನಕ್ಕ. ಹೋಗಿ ಬರ್ಲ್ಯಾ?"

ಅವನಿಗೆ ಕೇಳಿಸಿದ್ದು ದೇವಿ ದರ್ಶನ. "ಹೋಗಿ ಬಾ" ಅಂದ.

ಬಸ್ಸು ಹೋದ ಮೇಲೆ, ದರ್ಶನ ಮುಗಿಸಿ ಎಲ್ಲರೂ ಸಮುದ್ರಕ್ಕೂ ಹೋಗುತ್ತಾರೆಂದು ಪಕ್ಕದ ಮನೆಯವರು ಹೇಳಿದರಂತೆ. ಕಾಕಾ ಕೈಯಲ್ಲಿದ್ದ ಟೆಸ್ಟರನ್ನು ಕೆಳಗಿಟ್ಟನಂತೆ. ಅಂದು ಮತ್ತೆ ಎತ್ತಲಿಲ್ಲವಂತೆ.

ಗಡಹಿಂಗ್ಲಜದಲ್ಲಿ ಆ ಬಸ್ಸಿಗೆ ನನ್ನ ಹೆಂಡತಿಯೂ ಹತ್ತಿಕೊಂಡಳು. ಕಾಕುವೇ ಕರೆದಿದ್ದಳು. ತಿರುಗಿ ಬಂದು ಎರಡು ದಿನವಾದ ಮೇಲೆ, ಪ್ರಸಾದದ ತೆಂಗಿನಕಾಯಿ ಅದಲುಬದಲಾಗಿದೆ ಎಂಬ ಘನವಾದ ಕಾರಣಕ್ಕೆ ನಾನು ಇಚಲಕರಂಜಿಗೆ ಹೋಗಬೇಕಾಯಿತು. ಕಾಕು ರೊಟ್ಟಿ ಬಡಿಯುತ್ತಿದ್ದಳು. ಕಾಕಾ ಬಾಗಿಲ ಬಳಿ ಕೂತು ಒಂದು ವಾಯರಿನ ಸಿಪ್ಪೆ ಸುಲಿಯುತ್ತಿದ್ದ. ಅದನ್ನು ಅವನು ಎಷ್ಟೋ ಹೊತ್ತಿನಿಂದ ಸುಲಿಯುತ್ತಿದ್ದನೆಂದು ತೋರಿತು. ತಾಮ್ರವೂ ಎಳೆ ಎಳೆಯಾಗಿ ಕಿತ್ತು ಬರುತ್ತಿತ್ತು.

"ಸಮುದ್ರ ಹೆಂಗಿತ್ತು?" ಎಂದು ಕೇಳಿದ. ತಲೆ ಎತ್ತಲಿಲ್ಲ.

ಕಾಕು ಸುಳ್ಳು ಹೇಳುವವಳಲ್ಲ. ಅದರ ಅಗತ್ಯವೇ ಬಿದ್ದಿರಲಿಲ್ಲ, ನಿಜವನ್ನೇ ಖಾರ ಹಚ್ಚಿ ಹೇಳುವ ಕಲೆ ಅವಳಿಗೆ ಒಲಿದಿತ್ತು. ಆದರೆ ಅಂದು ಖಾರ ಇರಲಿಲ್ಲ. ದನಿಯೂ ಇರಲಿಲ್ಲ. ರೊಟ್ಟಿಯ ಸದ್ದಿನ ನಡುವೆ ಮೆಲ್ಲಗೆ, "ಭಾಳ ದೊಡ್ಡದ ಐತಂತ" ಅಂದಳು.

"ಹೂಂ" ಅಂದ ಕಾಕಾ. "ದೊಡ್ಡದ ಐತಿ."

ಆಮೇಲೆ ನಡೆದದ್ದು ಯಾರಿಗೂ ಅರ್ಥವಾಗಲಿಲ್ಲ. ಕಾಕಾ ದೀಪದ ಕೆಲಸವನ್ನು ಕೆಲವೇ ದಿನಗಳಲ್ಲಿ ಮುಗಿಸಿದ. ಅಷ್ಟು ವರ್ಷ ಆಗದ್ದು ಅಷ್ಟು ಸಲೀಸಾಗಿ ಹೇಗಾಯಿತು? ಇಂಡಿಕೇಟರ್ ಹದವಾಗಿ ಮಿಣುಕಿತು, ಬ್ರೇಕು ಒತ್ತಿದರೆ ಎರಡೂ ಪಟ್ಟಿ ಒಂದೇ ಉಸಿರಿಗೆ ಹತ್ತಿದವು. ಸಂಜೆಯ ಪರೀಕ್ಷೆಗೆ ಅವನು ಕಾಕುವನ್ನು ಕರೆಯಲೂ ಇಲ್ಲ. ಗೋಡೆಯ ಮೇಲಿನ ಕೆಂಪು ನೋಡಿ ತಾನೇ ತಿಳಿದುಕೊಂಡ. "ಇನ್ನ ಹೊಂಡೂದಲ್ಲ ಕಾಕಾ?" ಎಂದು ನಾನು ಫೋನಿನಲ್ಲಿ ಕೂಗಿದರೆ, "ಜೀಪ ಮುದಿ ಆಗೇತಿ, ಘಾಟ ಏರೂದಿಲ್ಲ" ಅಂದ. ನಮಗೆ ಇಳಿಯುವುದಷ್ಟೇ ಕಷ್ಟ ಎಂದು ಅಲ್ಲಿಯವರೆಗೆ ಹೇಳುತ್ತಿದ್ದವನು.

ಮುಂದಿನ ಸುದ್ದಿ, ಡಬ್ಬಿಯನ್ನು ಕಾಗಲದ ಹೆದ್ದಾರಿಯಲ್ಲಿ ಚಹಾ ಮಾರುವವನೊಬ್ಬನಿಗೆ ಕೊಟ್ಟುಬಿಟ್ಟನೆಂಬುದು. ಅದು ಗಲ್ಲಿಯಿಂದ ಹೋಗುವಾಗ ಕಾಕು ಬಾಗಿಲಲ್ಲಿ ನಿಂತಿದ್ದಳಂತೆ. ಯಾಕೆ ಕೊಟ್ಟಿರಿ ಎಂದು ಕೇಳಲಿಲ್ಲ. ತಿರುವಿನಲ್ಲಿ ಬ್ರೇಕು ಬಿದ್ದು ದೀಪಗಳು ಹತ್ತಿದಾಗ, "ಹತ್ತಿದವು" ಎಂದಳಂತೆ, ರೂಢಿಯಂತೆ. ಒಳಗೆ ಹೋದಳಂತೆ.

ಗಂಡಹೆಂಡಿರ ನಡುವೆ ಏನೋ ಆಗಿದೆ ಎಂದು ನಮಗೆಲ್ಲ ಅನಿಸಿತು. ಆದರೆ ಕೂಗಿ ಮಾತಾಡುವ ಮನೆಯಲ್ಲಿ ಒಮ್ಮೆ ಮೌನ ಬಂದು ಕೂತರೆ ಅದನ್ನು ಎಬ್ಬಿಸುವವರು ಯಾರು?

ಹೀಗೇ ಕಾಲ ಹೋಯಿತು. ಹೋದ ವರ್ಷ ಮಹಾಗಾಂವದಲ್ಲಿ ಒಂದು ಮದುವೆ. ಕಾಕಾ ಒಬ್ಬನೇ ಬಂದ. ಕಾಕುಗೆ ಮೊಣಕಾಲು ನೋವು ಅಂದ. ಊಟ ಮುಗಿಸಿ, ಅಲ್ಲಿಂದ ಗಡಹಿಂಗ್ಲಜಕ್ಕೆ ನಮ್ಮ ಮನೆಗೆ ಬಂದು ಪಡಸಾಲೆಯಲ್ಲಿ ಕೂತ. ನನ್ನ ಹೆಂಡತಿ ಚಹಾ ತಂದಳು. ಕಪ್ಪನ್ನು ತಿರುಗಿಸುತ್ತ ಕೂತಿದ್ದವನು, ಬಹಳ ದಿನದಿಂದ ಬಾಯಲ್ಲಿಟ್ಟುಕೊಂಡಿದ್ದ ಮಾತನ್ನು ಉಗುಳಿದಂತೆ ಕೇಳಿದ.

"ನೀ ಆ ಬಸ್ಸಿನ್ಯಾಗ ಇದ್ದೆಲ್ಲವಾ. ಒಂದ ಮಾತ ಹೇಳು. ನಿಮ್ಮ ಅತ್ತಿ ಮೊದಲ ಸಲ ಸಮುದ್ರ ನೋಡಿದಾಗ ಏನಂದ್ಲು?"

ನನ್ನ ಹೆಂಡತಿ ನನ್ನ ಮುಖ ನೋಡಿದಳು, ಅವನ ಮುಖ ನೋಡಿದಳು.

"ಅತ್ತಿ ಎಲ್ಲಿ ನೋಡ್ಯಾರ್ರೀ ಮಾವಾರ?"

"ಏನ?"

"ಅತ್ತಿ ಸಮುದ್ರ ನೋಡಿಲ್ರೀ" ಎಂದು ಅವಳು ಕೂಗಿ ಹೇಳಿದಳು. "ಬಸ್ಸಿನಿಂದ ಇಳೀಲೇ ಇಲ್ಲ. ಮೊಣಕಾಲ ನೋವು ಅಂತ ಎಲ್ಲಾರಿಗೂ ಹೇಳಿ ಒಳಗ ಕುಂತ್ರು. ಸಮುದ್ರದ ಕಡೀ ಕಿಡಕಿ ಬಿಟ್ಟು ಈ ಕಡೀ ಸೀಟಿಗೆ ಬಂದ್ರು. ಮಂದಿ ಗಂಟು, ಚಪ್ಪಲಿ ಕಾಯ್ಕೋತ ಕುಂತ್ರು. ನಾ ಹೋಗಿ ಕೈ ಹಿಡದ ಜಗ್ಗಿದ್ನಿ. ಇಷ್ಟ ದೂರ ಬಂದು ನೋಡದ ಹೋಗ್ತೀರೇನ್ರಿ ಅಂದ್ನಿ. ಅದಕ್ಕ ಅತ್ತಿ ಅಂದ್ರು, ನಮ್ಮವರು ದೀಪಾ ಹಚ್ಚಾಕತ್ತಾರ, ಅವು ಆಗಲಿ, ಆಮ್ಯಾಲೆ ನೋಡ್ತೀನಿ ಅಂತ. ಯಾರ ಮುಂದೂ ಹೇಳಬ್ಯಾಡ, ನಿಮ್ಮ ಮಾವನ್ನ ನೋಡಿ ನಗ್ತಾರ ಅಂತ."

"ಇನ್ನೊಮ್ಮೆ ಹೇಳವಾ" ಅಂದ ಕಾಕಾ.

ಅವಳು ಇನ್ನೊಮ್ಮೆ ಹೇಳಿದಳು, ಇನ್ನೂ ಗಟ್ಟಿಯಾಗಿ.

"ಇನ್ನೊಮ್ಮೆ."

ಈ ಸಲ ಕೇಳಿದ್ದು ಕಿವಿಯ ದೋಷದಿಂದಲ್ಲ. ಅವಳು ಅವನ ಕೈಯಿಂದ ತಣ್ಣಗಾದ ಚಹಾದ ಕಪ್ಪನ್ನು ತೆಗೆದುಕೊಂಡಳು.

"ಮತ್ತ, ಭಾಳ ದೊಡ್ಡದ ಐತಿ ಅಂದ್ಲಲ್ಲ ನನ್ನ ಮುಂದ" ಎಂದು ಕಾಕಾ ನನ್ನ ಕಡೆ ತಿರುಗಿದ. ಸಾಕ್ಷಿ ಹೇಳಲು ಕರೆದಂತೆ.

"ಐತಿ ಅನ್ನಲಿಲ್ಲ ಕಾಕಾ. ಐತಂತ ಅಂದ್ಲು."

"ಅಂತ ಅಂದ್ಲಾ?"

"ಹೌದು."

ಎಂಥ ಸಣ್ಣ ಶಬ್ದ ನೋಡಿ. ಯಾರೋ ಹೇಳಿದ್ದು, ನಾನು ಕಂಡದ್ದಲ್ಲ ಎಂದು ಹೇಳಲು ನಮ್ಮ ಭಾಷೆಗೆ ಅಷ್ಟು ಸಾಕು. ಸುಳ್ಳು ಹೇಳಲಾರದ ಕಾಕು ಅದರೊಳಗೆ ಪೂರ್ತಿ ನಿಜ ಇಟ್ಟಿದ್ದಳು. ಮಗ್ಗಗಳು ಕಾಕಾನ ಕಿವಿಯಿಂದ ಕಸಿದುಕೊಂಡದ್ದರಲ್ಲಿ ಅದೂ ಒಂದು.

ಮರುದಿನ ಕಾಕಾ, ನಾನು ಇಬ್ಬರೂ ಕಾಗಲಕ್ಕೆ ಹೋದೆವು. ಡಬ್ಬಿಯನ್ನು ಒಂದು ದಿನದ ಮಟ್ಟಿಗೆ ಕೇಳಿ ತರುವುದೆಂದು ಕಾಕಾನ ಯೋಚನೆ. ಅದು ಹೆದ್ದಾರಿಯ ಪಕ್ಕದಲ್ಲಿ, ಗಾಲಿಗಳನ್ನು ಕಳಚಿಕೊಂಡು, ಇಟ್ಟಿಗೆಗಳ ಮೇಲೆ ಕೂತಿತ್ತು. ಮಂಚಗಳಿದ್ದ ಕಡೆ ಹಾಲಿನ ಕ್ಯಾನುಗಳು. ಚಹಾದವನು ಬಹಳ ಸಂತೋಷದಿಂದ ಬರಮಾಡಿಕೊಂಡ.

"ಯಾ ಕಾಕಾ, ಬಸಾ. ನಿಮ್ಮ ಲೈಟ ನೋಡಿ ಲಾರಿ ನಿಂದರ್ತಾವ ಬಘಾ. ಎಲ್ಲಾರೂ ಬ್ರೇಕ ಹಾಕ್ತಾರ."

ಕಾಕಾ ಚಹಾ ಕುಡಿದ. ಬೆಂಚಿನಿಂದ ಎದ್ದು ಹೋಗಿ ದೀಪದ ಸುತ್ತಲಿನ ರಬ್ಬರನ್ನು ಬೆರಳಿನಿಂದ ಒತ್ತಿ ನೋಡಿದ. ನೀರು ಇಳಿದಿರಲಿಲ್ಲ. ಏನನ್ನೂ ಕೇಳದೆ ಬಂದ.

ಮುಂದಿನ ವಾರ ಸರಕಾರಿ ಎಸ್‌ಟಿ ಬಸ್ಸಿನಲ್ಲಿ ಹೊರಟೆವು. ಇಚಲಕರಂಜಿಯಿಂದ ಅವರಿಬ್ಬರು ಬಂದರು, ಗಡಹಿಂಗ್ಲಜದಲ್ಲಿ ನಾನು ಹತ್ತಿದೆ. ಹೊರಡುವ ಮುಂಚೆ ಕಾಕಾ, "ನಡಿ, ಸಮುದ್ರ ನೋಡಿ ಬರೂಣು" ಅಂದನಂತೆ. ಕಾಕು ಅವನ ಮುಖವನ್ನು ಒಂದು ಗಳಿಗೆ ನೋಡಿ, "ಸೀರಿ ಬದಲಿ ಮಾಡ್ತೀನಿ, ತಡೀರಿ" ಅಂದಳಂತೆ. ಇಬ್ಬರ ನಡುವೆ ಆ ವಿಷಯದಲ್ಲಿ ಆದ ಮಾತು ಅಷ್ಟೇ. ಆಂಬೋಲಿಯಲ್ಲಿ ಮಂಜು ಇರಲಿಲ್ಲ. ನಿಚ್ಚಳ ಬಿಸಿಲು. ನಮ್ಮ ಬಸ್ಸಿನ ಹಿಂದಿನ ದೀಪ ಎರಡೂ ಒಡೆದಿದ್ದವು. ನಾನು ನೋಡಿದೆ, ಕಾಕಾ ನೋಡಲಿಲ್ಲ.

ಅಂದು ನೆಪಕ್ಕೆ ಹೇಳಿದ ಮೊಣಕಾಲು ನೋವು ಈಗ ನಿಜವಾಗಿತ್ತು. ಬಸ್ಸು ನಿಂತಲ್ಲಿಂದ ರಿಕ್ಷಾ, ರಿಕ್ಷಾ ನಿಂತಲ್ಲಿಂದ ಗಾಳಿಮರಗಳ ನಡುವಿನ ಕಾಲುದಾರಿ. ಕಾಕು ನನ್ನ ತೋಳು ಹಿಡಿದು ಮರಳಿನಲ್ಲಿ ಹೆಜ್ಜೆ ಕಿತ್ತು ಕಿತ್ತು ಇಡುತ್ತಿದ್ದಳು. ಕಾಕಾ ನಮ್ಮ ಮುಂದೆ ಇದ್ದ. ಆದರೆ ಸಮುದ್ರಕ್ಕೆ ಬೆನ್ನು ಮಾಡಿ, ಹಿಂದೆ ಹಿಂದೆ ನಡೆಯುತ್ತಿದ್ದ. ಎರಡು ಸಲ ಎಡವಿದ. "ಮುಂದ ನೋಡಿ ನಡೀರಿ" ಎಂದು ಕಾಕು ಬೈದಳು. ಅವನು ಅವಳ ಮುಖದಿಂದ ಕಣ್ಣು ತೆಗೆಯಲಿಲ್ಲ.

ಮರಗಳು ಮುಗಿದವು. ಕಾಕು ನಿಂತಳು.

ಅವಳು ಸಮುದ್ರವನ್ನು ನೋಡಿದಳು. ಅವನು ಅವಳನ್ನು ನೋಡಿದ. ನಾನು ಎಲ್ಲಿ ನೋಡಬೇಕೋ ತಿಳಿಯದೆ ನನ್ನ ಚಪ್ಪಲಿ ನೋಡಿಕೊಂಡೆ. ಗಾಳಿಗೆ ಹಾರುವ ಸೆರಗು ಹಿಡಿದುಕೊಂಡು ಕಾಕು ಬಾಯಿ ಬಿಟ್ಟಳು.

"ಇಷ್ಟ ಸಮೀಪ ಇತ್ತೇನ್ರಿ?"

ಕಾಕಾನಿಗೆ ಕೇಳಿಸಿತು. ಮುಖ ನೋಡಿದರೆ ಗೊತ್ತಾಗುತ್ತಿತ್ತು.

ನೀರು ಇನ್ನೂ ದೂರವಿತ್ತು. ಅಲ್ಲಿಂದ ಮುಂದಕ್ಕೆ ಒಂದು ಹೆಜ್ಜೆಯೂ ತನ್ನಿಂದಾಗದು ಎಂದು ಕಾಕು ಒಂದು ಒರಗಿದ ಮರದ ಬೊಡ್ಡೆಯ ಮೇಲೆ ಕೂತಳು. ಕಾಕಾ ಇಳಿಜಾರಿನಲ್ಲಿ ಹೋದ. ಧೋತರ ನೆನೆಯುವುದನ್ನೂ ಗಮನಿಸದೆ ಬಗ್ಗಿ ಬೊಗಸೆಯಲ್ಲಿ ನೀರು ತುಂಬಿಕೊಂಡ. ಎರಡೂ ಕೈ ಎದೆಗೆ ಒತ್ತಿ ಹಿಡಿದು, ಆ ವಯಸ್ಸಿನಲ್ಲಿ, ಮರಳಿನಲ್ಲಿ ಓಡುತ್ತ ಬಂದ. ನೀರು ಬೆರಳುಗಳ ಸಂದಿಯಿಂದ ಸೋರುತ್ತ ಬಂತು. ಕಾಕುವಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು ಬೊಗಸೆ ಬಿಚ್ಚಿದರೆ ಒಳಗೆ ಏನೂ ಇರಲಿಲ್ಲ, ಅಂಗೈ ಒದ್ದೆಯಾಗಿತ್ತು ಅಷ್ಟೇ.

ಆ ಒದ್ದೆ ಕೈಗಳನ್ನೇ ಅವಳ ಪಾದಗಳ ಮೇಲೆ ಇಟ್ಟ.

"ಏನ ಮಾಡ್ತೀರಿ, ಮಂದಿ ನೋಡ್ತಾರ" ಅಂದಳು ಕಾಕು. ಕಾಲು ಮಾತ್ರ ಹಿಂದಕ್ಕೆ ಎಳೆದುಕೊಳ್ಳಲಿಲ್ಲ.